ಕಾಫಿಗೆ ಧಾರಣೆ ಉಂಟು, ಡೇಟಾಬೇಸ್‌ಗೆ ಇಲ್ಲ

ಚಿಕ್ಕಮಗಳೂರಿನ ಯಾವ ಹೋಟೆಲಿನಲ್ಲಿ ಹೋಗಿ ಕುಳಿತರೂ ಅರೇಬಿಕಾ ಪಾರ್ಚ್‌ಮೆಂಟ್‌ನ ಅಂದಿನ ಧಾರಣೆ ಕಿವಿಗೆ ಬೀಳುತ್ತದೆ. 50 ಕೆ.ಜಿ. ಮೂಟೆಗೆ ಎಷ್ಟು, ರೋಬಸ್ಟಾ ಚೆರಿಗೆ ಎಷ್ಟು, ಎಲ್ಲವೂ ಬಯಲಿನ ಮಾತು. ಅದೇ ಊರಿನ ಎರಡು ಕಾಲೇಜುಗಳು ಒಂದೇ ಪ್ರಕಾಶಕರಿಂದ ಸಂಶೋಧನಾ ಲೇಖನಗಳ ಒಂದೇ ಎಲೆಕ್ಟ್ರಾನಿಕ್ ಡೇಟಾಬೇಸ್‌ಗೆ ಚಂದಾ ಕಟ್ಟಿದರೆ ಮಾತ್ರ ಒಬ್ಬರು ಕೊಟ್ಟ ಬೆಲೆ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಎಷ್ಟೋ ಒಪ್ಪಂದಗಳಲ್ಲಿ ಅದನ್ನು ಹೊರಗೆ ಹೇಳಬಾರದೆಂಬ ಷರತ್ತೇ ಇರುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗ್ರಂಥಾಲಯ 2011ರಲ್ಲಿ ಇಂಥ ಷರತ್ತಿಗೆ ಇನ್ನು ಸಹಿ ಹಾಕುವುದಿಲ್ಲ ಎಂದು ಬಹಿರಂಗವಾಗಿ ಸಾರಿತು. ನಮ್ಮ ಕಡೆ ಒಪ್ಪಂದವನ್ನು ಕೊನೆಯ ಪುಟದವರೆಗೆ ಓದುವವರೇ ಕಡಿಮೆ.

ನಾನು ಅನುದಾನರಹಿತ ಕಾಲೇಜೊಂದರ ಗ್ರಂಥಪಾಲಕ. ಮಾರ್ಚ್ ಸಮೀಪಿಸಿತೆಂದರೆ ಮಾರಾಟ ಪ್ರತಿನಿಧಿಗಳ ಫೋನ್ ಶುರುವಾಗುತ್ತದೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ನಿಮ್ಮಲ್ಲಿ ಒಟ್ಟು ಎಷ್ಟು ವಿದ್ಯಾರ್ಥಿಗಳಿದ್ದಾರೆ ಸರ್?” ಎಷ್ಟು ಜನ ಓದುತ್ತಾರೆ ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಹಾಜರಿ ಪುಸ್ತಕದ ತಲೆ ಎಣಿಸಿ ಕೊಟೇಶನ್ ಕಳಿಸುತ್ತಾರೆ. ಡೇಟಾಬೇಸ್‌ನ ಹೆಸರನ್ನೇ ಕೇಳದ ಮೊದಲ ವರ್ಷದ ಹುಡುಗನೂ ಲೆಕ್ಕಕ್ಕೆ ಸೇರುತ್ತಾನೆ, ರಾತ್ರಿಯಿಡೀ ಪ್ರಬಂಧ ಹುಡುಕುವ ಎಂ.ಎಸ್ಸಿ. ಹುಡುಗಿಯೂ ಸೇರುತ್ತಾಳೆ. ದುಬಾರಿಯಾಯಿತು ಎಂದು ಫೋನ್ ಇಟ್ಟರೆ ಮರುದಿನ ಅದೇ ವಸ್ತುವಿಗೆ ಇನ್ನೊಂದು ಬೆಲೆ. ಹಾಗಾದರೆ ನಿನ್ನೆಯದು ಯಾವ ಲೆಕ್ಕದ್ದು?

ಬಳಕೆಯನ್ನು ಅಳೆಯುವುದು ಕಷ್ಟ ಎಂಬ ವಾದ ನಿಲ್ಲುವುದಿಲ್ಲ. ಕೌಂಟರ್ ಎಂಬ ಅಂತಾರಾಷ್ಟ್ರೀಯ ಮಾನದಂಡವೊಂದಿದೆ. ಅದರ ಪ್ರಕಾರ ಯಾವ ತಿಂಗಳು ಯಾವ ನಿಯತಕಾಲಿಕದಿಂದ ಎಷ್ಟು ಲೇಖನಗಳನ್ನು ತೆರೆಯಲಾಯಿತು ಎಂಬ ವರದಿಯನ್ನು ಪ್ರಕಾಶಕರೇ ಕೊಡುತ್ತಾರೆ. ನಮ್ಮ ವರದಿಯಲ್ಲಿ ಪ್ರಾಜೆಕ್ಟ್ ಒಪ್ಪಿಸುವ ತಿಂಗಳುಗಳಲ್ಲಿ ಅಂಕಿಗಳು ಎದ್ದು ನಿಲ್ಲುತ್ತವೆ, ರಜೆಯಲ್ಲಿ ಸೊನ್ನೆಗಳು ಸಾಲುಗಟ್ಟುತ್ತವೆ. ಇನ್ನೊಂದು ಬಗೆಯ ವರದಿಯೂ ಉಂಟು: ಪರವಾನಗಿ ಇಲ್ಲದೆ ಎಷ್ಟು ಸಲ ಓದುಗರನ್ನು ಬಾಗಿಲಲ್ಲೇ ತಡೆಯಲಾಯಿತು ಎಂಬುದು. ಅದನ್ನೇ ಮುಂದಿಟ್ಟು “ನೋಡಿ ಸರ್, ಬೇಡಿಕೆ ಇದೆ” ಎಂದು ಹೆಚ್ಚಿನ ಪ್ಯಾಕೇಜ್ ಮಾರಲು ಬರುತ್ತಾರೆ. ತಡೆದವರೂ ಅವರೇ, ಎಣಿಸಿದವರೂ ಅವರೇ.

ಹಾಗೆಂದು ಒಂದೊಂದು ಲೇಖನಕ್ಕೂ ದುಡ್ಡು ಕಟ್ಟುವ ಪದ್ಧತಿಯೂ ನನಗೆ ಹಿಡಿಸುವುದಿಲ್ಲ. ಮೀಟರ್ ಓಡುತ್ತಿದ್ದರೆ ಗ್ರಂಥಪಾಲಕನೇ ಓದುಗರನ್ನು ಹಿಂದಕ್ಕೆ ಕಳಿಸಲು ನೋಡುತ್ತಾನೆ. ಹಿಂದಿನ ವರ್ಷಗಳ ಬಳಕೆ ನೋಡಿ ದರ ಗೊತ್ತುಮಾಡಿ, ಅದಕ್ಕೊಂದು ಗರಿಷ್ಠ ಮಿತಿ ಹಾಕಿದರೆ ಇಬ್ಬರಿಗೂ ನೆಮ್ಮದಿ. ಚಿಕ್ಕ ಕಾಲೇಜಿಗೆ ಏಕಕಾಲಕ್ಕೆ ಐದು ಜನ ಬಳಸುವ ಪರವಾನಗಿ ಸಾಕು. ಆರನೆಯವನು ಸ್ವಲ್ಪ ಹೊತ್ತು ಕಾಯುತ್ತಾನೆ. ಮತ್ತೆ, ಚಂದಾ ನಿಲ್ಲಿಸಿದರೂ ಹಣ ಕಟ್ಟಿದ ವರ್ಷಗಳ ಸಂಚಿಕೆಗಳು ನಮ್ಮಲ್ಲಿ ಉಳಿಯಬೇಕು. ಬೈಂಡ್ ಮಾಡಿಸಿಟ್ಟ ಹಳೆಯ ಸಂಪುಟಗಳನ್ನು ಯಾರೂ ಬಂದು ಕಪಾಟಿನಿಂದ ಎತ್ತಿಕೊಂಡು ಹೋಗುತ್ತಿರಲಿಲ್ಲ.

ಬೆಲೆಯನ್ನು ಬಗ್ಗಿಸಲು ಪ್ರಕಾಶಕರಿಗೆ ಬಾರದೆಂದೇನೂ ಅಲ್ಲ. ರಿಸರ್ಚ್‌ಫಾರ್‌ಲೈಫ್ ಯೋಜನೆಯಲ್ಲಿ ಬಡ ದೇಶಗಳ ಸಂಸ್ಥೆಗಳಿಗೆ ಉಚಿತವಾಗಿ ಅಥವಾ ಅಲ್ಪ ಶುಲ್ಕಕ್ಕೆ ಕೊಡುತ್ತಾರೆ. ಭಾರತ ಆ ಪಟ್ಟಿಯಲ್ಲಿಲ್ಲ. ದೇಶವನ್ನು ಇಡಿಯಾಗಿ ತೂಗಿದರೆ ಮಲೆನಾಡಿನ ಸಣ್ಣ ಕಾಲೇಜೂ ಬೆಂಗಳೂರಿನ ಶ್ರೀಮಂತ ವಿಶ್ವವಿದ್ಯಾಲಯವೂ ಒಂದೇ ತಕ್ಕಡಿಗೆ ಬೀಳುತ್ತವೆ. ವಿದ್ವತ್ ನಿಯತಕಾಲಿಕಗಳ ಡಿಜಿಟಲ್ ಸಂಗ್ರಹವಾದ ಜೆಸ್ಟೋರ್, ಸಂಸ್ಥೆಗಳನ್ನು ಗಾತ್ರಕ್ಕೆ ತಕ್ಕಂತೆ ವರ್ಗೀಕರಿಸಿ ಶುಲ್ಕ ಹಾಕುತ್ತದೆ. ಯಾವ ಸಂಸ್ಥೆಗೂ ಸೇರದವರು ಅಲ್ಲಿ ಸ್ವಂತ ಖಾತೆ ತೆರೆದು 30 ದಿನಕ್ಕೆ 100 ಲೇಖನಗಳನ್ನು ಪುಕ್ಕಟೆಯಾಗಿ ಓದಬಹುದು. ಇತಿಹಾಸ, ಸಾಹಿತ್ಯದ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವ ಬಾಗಿಲು ಅದು.

‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಬಂತಲ್ಲ ಎನ್ನುವಿರಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಗೆ 2025ರಿಂದ 2027ರವರೆಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ. ನಿಜವಾಗಿಯೂ ದೊಡ್ಡ ಕೆಲಸ, ಅದನ್ನು ಹಳಿಯುವುದಿಲ್ಲ. ಆದರೆ ಅದು ಸರ್ಕಾರಿ ಸಂಸ್ಥೆಗಳಿಗೆಂದು ಹೊರಟ ಯೋಜನೆ. ನಮ್ಮಂಥ ಖಾಸಗಿ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರ, ತೋಟದ ಕೂಲಿಯವರ ಮಕ್ಕಳು. ಕಾಲೇಜು ಖಾಸಗಿಯಾದ ಮಾತ್ರಕ್ಕೆ ಅವರ ಜೇಬು ತುಂಬಿರುವುದಿಲ್ಲ.

ಕಾಲೇಜಿಗೇ ಸೇರದವರ ಪಾಡು ಇನ್ನೂ ಕಷ್ಟ. ಆಲ್ದೂರು ಕಡೆಯ ಪರಿಚಯದ ಬೆಳೆಗಾರರೊಬ್ಬರು ಒಂದು ದಿನ ಮೊಬೈಲ್ ಹಿಡಿದು ಬಂದರು. ಕಾಫಿ ಗಿಡದ ಕಾಂಡ ಕೊರೆಯುವ ಕೀಟ ಬಿಳಿ ಕಾಂಡಕೊರಕದ ಬಗ್ಗೆ ಪ್ರಬಂಧವೊಂದು ಸಿಕ್ಕಿತ್ತು. ಏಪ್ರಿಲ್–ಮೇ ತಿಂಗಳ ದುಂಬಿ ಹಾರಾಟಕ್ಕೆ ಮುಂಚೆ ಓದಬೇಕೆಂಬ ಆತುರ ಅವರದು. ಪರದೆಯಲ್ಲಿ ಸಾರಾಂಶದ ಹತ್ತು ಸಾಲು, ಕೆಳಗೆ ಖರೀದಿಯ ಗುಂಡಿ. ಇಂಥ ಒಂದು ಲೇಖನಕ್ಕೆ ಸಾಮಾನ್ಯವಾಗಿ 30ರಿಂದ 40 ಡಾಲರ್, ನಮ್ಮ ಲೆಕ್ಕದಲ್ಲಿ ಮೂರು ಸಾವಿರದ ಆಸುಪಾಸು. “ದುಡ್ಡು ಕೊಟ್ಟು ಓದಿದ ಮೇಲೆ ನನಗೆ ಬೇಕಾದದ್ದು ಅದರಲ್ಲಿ ಇಲ್ಲದಿದ್ದರೆ?” ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿರುವ ಬಾಳೆಹೊನ್ನೂರು ಇರುವ ಜಿಲ್ಲೆ ಇದು. ಗಿಡ ಕಿತ್ತು ಸುಡುವ ನಷ್ಟ ಬೆಳೆಗಾರನದು, ಆ ಕೀಟದ ಮೇಲಿನ ಪ್ರಬಂಧಕ್ಕೆ ಬೀಗ.

ಬಾಗಿಲು ಮುಚ್ಚಿದರೆ ಜನ ಹಿತ್ತಿಲಿನಿಂದ ಹೋಗುತ್ತಾರೆ. ಪ್ರಬಂಧಗಳನ್ನು ಪ್ರಕಾಶಕರ ಅನುಮತಿಯಿಲ್ಲದೆ ಪುಕ್ಕಟೆಯಾಗಿ ಕೊಡುವ ಸೈ-ಹಬ್ ಎಂಬ ತಾಣ ಬೆಳೆದದ್ದು ಹಾಗೆಯೇ. ಅದರ ವಿರುದ್ಧ ಪ್ರಕಾಶಕರು 2020ರಲ್ಲಿ ದೆಹಲಿ ಹೈಕೋರ್ಟ್‌ಗೆ ಹೋದರು, 2025ರ ಆಗಸ್ಟ್‌ನಲ್ಲಿ ತಾಣವನ್ನು ತಡೆಯಲು ಆದೇಶವಾಯಿತು. ಕಾನೂನಿನ ಪ್ರಕಾರ ಸರಿಯೇ ಇರಬಹುದು. ಹಿತ್ತಿಲು ಮುಚ್ಚಿದವರು ಮುಂಬಾಗಿಲನ್ನು ಸ್ವಲ್ಪವಾದರೂ ತೆರೆದರೇ ಎಂಬುದು ನನ್ನ ಪ್ರಶ್ನೆ.

ವಿದೇಶದ ಹಲವು ವಿಶ್ವವಿದ್ಯಾಲಯಗಳ ಪರವಾನಗಿಯಲ್ಲಿ ಒಂದು ಸಾಲು ಇರುತ್ತದೆ: ಗ್ರಂಥಾಲಯಕ್ಕೆ ಖುದ್ದಾಗಿ ಬಂದವರು, ಯಾರೇ ಆಗಿರಲಿ, ಅಲ್ಲಿನ ಕಂಪ್ಯೂಟರಿನಲ್ಲಿ ಓದಬಹುದು. ಆ ಸಾಲು ನಮಗೂ ಬೇಕು. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಎರಡು ಕಂಪ್ಯೂಟರ್ ಇಟ್ಟು ರಾಷ್ಟ್ರೀಯ ಚಂದಾವನ್ನು ಅಲ್ಲಿಗೂ ವಿಸ್ತರಿಸಿದರೆ ಪ್ರಕಾಶಕರ ಗಂಟೇನೂ ಕರಗುವುದಿಲ್ಲ, ಏಕೆಂದರೆ ಆ ಬೆಳೆಗಾರರು ಹೇಗೂ ಮೂರು ಸಾವಿರ ಕೊಡುವವರಲ್ಲ. ಈಗಿನ ಒಪ್ಪಂದ 2027ಕ್ಕೆ ಮುಗಿಯುತ್ತದೆ. ಮುಂದಿನ ಚೌಕಾಸಿಗೆ ಕೂರುವವರ ಕೈಗೆ ಈ ಬೇಡಿಕೆ ಅಷ್ಟರೊಳಗೆ ತಲುಪಬೇಕು.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಖಾಸಗಿ ಕಾಲೇಜುಗಳ ಗ್ರಂಥಪಾಲಕ ಮಿತ್ರರೇ, ಒಟ್ಟಾಗಿ ಒಂದೇ ಕೊಟೇಶನ್ ಕೇಳೋಣ. ನಿಮಗೆ ಬಂದ ಬೆಲೆಯನ್ನು ಇನ್‌ಬಾಕ್ಸ್‌ಗೆ ಕಳಿಸಿ. ಗೌಪ್ಯತೆಯ ಷರತ್ತಿಗೆ ಸಹಿ ಹಾಕಿದ್ದೀರೋ ಇಲ್ಲವೋ, ಮೊದಲು ಒಪ್ಪಂದ ತೆಗೆದು ನೋಡಿಕೊಳ್ಳಿ.