ಹಾಳೆ ತಟ್ಟೆ ಬೆಂಗಳೂರು ನೋಡ್ಕೊಂಡು ಬಂತು

ಹೋದ ಬೇಸಿಗೇಲಿ ನಮ್ಮ ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಎಲ್ಲ ಹೆಕ್ಕಿ ತಟ್ಟೆ ಮಾಡೋರಿಗೆ ಕೊಟ್ಟಿದ್ವಿ, ಒಂದು ಹಾಳೆಗೆ ಸಿಕ್ಕಿದ್ದು ಒಂದು ಚಾಕ್ಲೇಟಿನ ದುಡ್ಡು. ಈಗ ಮನೇಲಿ ಸತ್ಯನಾರಾಯಣ ಪೂಜೆ ಅಂತ ಹೆಂಡತಿ ಮೊಬೈಲಲ್ಲಿ ಹಾಳೆ ತಟ್ಟೆ ಆರ್ಡರ್ ಮಾಡಿದ್ಲು, 25 ತಟ್ಟೆಗೆ 349 ರೂಪಾಯಿ, ಅದೂ ಆಫರ್ ಅಂತೆ. ಹಿತ್ತಲಿಗೆ ಹೋಗಿ ಬಾಳೆಎಲೆ ಕೊಯ್ಯೋದಕ್ಕಿಂತ ಇದು ಸಲೀಸಂತೆ.

ನಗ್ಬೇಡಿ, ಮೊದ್ಲು ಹೀಗಿರ್ಲಿಲ್ಲ. 2007ರಲ್ಲಿ ಫ್ಲಿಪ್‌ಕಾರ್ಟ್ ಬೆಂಗಳೂರಲ್ಲಿ ಪುಸ್ತಕ ಮಾರೋಕೆ ಶುರು ಮಾಡ್ದಾಗ ಕಾಣದ ಅಂಗಡಿಗೆ ಮೊದ್ಲೇ ದುಡ್ಡು ಕಟ್ಟೋಕೆ ನಮ್ಮ ಜನಕ್ಕೇನು ತಲೆ ಕೆಟ್ಟಿತ್ತಾ, 2010ರಲ್ಲಿ ಸಾಮಾನು ಕೈಗೆ ಬಂದ್ಮೇಲೆ ದುಡ್ಡು ಕೊಡಿ ಅಂದ್ರು ನೋಡಿ, ಆಗ ಸ್ವಲ್ಪ ಧೈರ್ಯ ಬಂತು. 2016ರಲ್ಲಿ ಜಿಯೋ ಪುಕ್ಕಟೆ ಡೇಟಾ ಕೊಡ್ತು, ಅದೇ ವರ್ಷ ನೋಟೂ ರದ್ದಾಯ್ತು, ಉಳಿದಿದ್ದ ಹೆದರಿಕೇನೂ ಹೋಯ್ತು. ಶಿರಸಿ ಯಾರ್ಡಲ್ಲಿ ಚೀಲಕ್ಕೆ ಕೈ ಹಾಕಿ, ನಾಲ್ಕು ಅಡಿಕೆ ಒಡೆದು ಒಳಗಿನ ಬಣ್ಣ ನೋಡ್ದೆ ಯಾರೂ ದರ ಹೇಳಲ್ಲ. ಅದೇ ಊರಿನವರು ಈಗ ಫೋಟೋ ನೋಡಿ ಚಪ್ಪಲಿ ತಗೋತಾರೆ. ಎಡಗಾಲಿಂದು ಸರಿ ಆಗತ್ತೆ, ಬಲಗಾಲಿಂದು ವಾಪಸ್ಸು.

2018ರಲ್ಲಿ ಅಮೆಜಾನಲ್ಲಿ ಒಂದು ತೆಂಗಿನ ಗರಟೆ ಸಾವಿರ ರೂಪಾಯಿ ಮೇಲೆ ಇದೆ ಅಂತ ಎಲ್ರೂ ಫಾರ್ವರ್ಡ್ ಮಾಡಿದ್ರು ನೆನಪಿದ್ಯಾ? ಅವತ್ತು ನಮ್ಮಮ್ಮ ಬಚ್ಚಲ ಒಲೆ ಮುಂದೆ ಕೂತವಳು ಕೈಯಲ್ಲಿದ್ದ ಗರಟೆನ ಎರಡು ಸಲ ತಿರುಗಿಸಿ ನೋಡಿ, ಆಮೇಲೆ ಒಲೆಗೇ ಹಾಕಿದ್ಲು. ಬೆರಣಿನೂ ಬಂದಾಯ್ತು. ಇನ್ನು ಸೊಪ್ಪಿನ ಬೆಟ್ಟದ ದರಕು, ಅದೇ ಉದುರಿದ ಒಣ ಎಲೆ, ಅದೊಂದು ಬಾಕಿ.

ಇರ್ಲಿ, ತಟ್ಟೆ ಕಥೆಗೆ ಬರ್ತೀನಿ. ಪಾರ್ಸಲ್ ಹುಡುಗ ಮನೆ ತನಕ ಬರಲ್ಲ, ಮಳೆಗಾಲದಲ್ಲಿ ಹಳ್ಳಕ್ಕೆ ನಾವೇ ಕಟ್ಕೊಂಡ ಕಾಲುಸಂಕ ಬಿಟ್ರೆ ದಾರಿ ಇಲ್ಲ, ಸೇತುವೆಗೆ ಅರ್ಜಿ ಕೊಟ್ಟು ಎಷ್ಟು ಎಲೆಕ್ಷನ್ ಆಯ್ತೋ. ಅದಕ್ಕೆ ಹಳ್ಳದಾಚೆ ಕ್ರಾಸಿನ ಗೂಡಂಗಡಿಯಲ್ಲೇ ನಿಲ್ತಾನೆ. ಆನ್‌ಲೈನಿಂದ ವ್ಯಾಪಾರ ಹಾಳಾಯ್ತು ಅಂತ ದಿನಾ ಬೈಯೋ ಗೂಡಂಗಡಿಯವನೇ ಈಗ ಊರ ಪಾರ್ಸಲ್ ಆಫೀಸು, ಮೊನ್ನೆ ನೋಡಿದ್ರೆ ಅವನ ಹೆಸರಲ್ಲೇ ಎರಡು ಡಬ್ಬ ಇತ್ತು. ಹುಡುಗ ಓಟಿಪಿ ಕೊಡಿ ಅಂದ. ಕ್ರಾಸಲ್ಲಿ ನನ್ನ ಫೋನಿಗೆ ಸಿಗ್ನಲ್ ಎಲ್ಲಿ? ಸಿಗ್ನಲ್ ಇರೋದು ಗುಡ್ಡದ ಮೇಲೆ ಒಂದು ಕಲ್ಲಿದೆ, ಅದರ ಮೇಲೆ, ಅದೂ ಮುಖ ಪಶ್ಚಿಮಕ್ಕೆ ಮಾಡಿ ನಿಂತ್ರೆ. ಫೋನ್ ಮಗನ ಕೈಗೆ ಕೊಟ್ಟು ಓಡಿಸಿದೆ. ಹತ್ತು ನಿಮಿಷ ಬಿಟ್ಟು ಮೇಲಿಂದ ಕೂ ಅಂತ ಕೂಗು ಬಂತು, ನಾನೂ ಕೂ ಅಂದೆ, ಆಮೇಲೆ ಅವ ಒಂದೊಂದೇ ಅಂಕೆ ಕೂಗಿದ. ಏಳೂ... ಎರಡೂ... ಒಂಬತ್ತೂ... ಕೊನೇದು ನಾಕೋ ಆರೋ ನಂಗೆ ತಿಳೀಲಿಲ್ಲ, ಆಚೆ ಕೇರಿ ಹೆಗಡೇರು ತೋಟದೊಳಗಿಂದ "ನಾಕು ಮಾರಾಯ, ನಾಕು!" ಅಂದ್ರು. ಆ ಮೆಸೇಜಿನ ಕೆಳಗೆ ಬರ್ದಿರತ್ತೆ, ಈ ಸಂಖ್ಯೆ ಯಾರಿಗೂ ಹೇಳ್ಬೇಡಿ ಅಂತ.

ಮನೇಲಿ ಬಿಚ್ಚಿದ್ರೆ ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಇಕೋ ಫ್ರೆಂಡ್ಲಿ, ಒಳಗೆ ಮೂರು ಸುತ್ತು ಗುಳ್ಳೆ ಪ್ಲಾಸ್ಟಿಕ್. ತಯಾರಾದ ಜಾಗ ಶಿರಸಿ ತಾಲೂಕು. ಅಂದ್ರೆ ಇಲ್ಲಿಂದ ನಾನೂರು ಕಿಲೋಮೀಟರ್ ಬೆಂಗಳೂರಿಗೆ ಹೋಗಿ, ಗೋಡೌನಲ್ಲಿ ಮಲಗಿ, ಮತ್ತೆ ನಾನೂರು ಕಿಲೋಮೀಟರ್ ವಾಪಸ್ ಬಂದಿದೆ, ನಾನೇ ಈ ವರ್ಷ ಬೆಂಗಳೂರು ನೋಡಿಲ್ಲ. ಅಮ್ಮ ಒಂದು ತಟ್ಟೆ ಎತ್ತಿ ಬೆಳಕಿಗೆ ಹಿಡಿದು, "ಇದು ನಮ್ಮ ಕೆಳಗಿನ ತೋಟದ್ದೇ" ಅಂದ್ಲು.

ಎರಡು ತಟ್ಟೆ ಸೀಳಿತ್ತು. ಹೆಂಡತಿ ಆಗ್ಲೇ ರಿಟರ್ನ್ ಒತ್ತಿದಾಳೆ, ನಾಳೆ ಹುಡುಗ ಬರ್ತಾನಂತೆ, ವಾಪಸ್ ಕೊಡೋಕೂ ಓಟಿಪಿ ಬೇಕಂತೆ. ಹೆಗಡೇರಿಗೆ ನಾಳೆ ಹನ್ನೊಂದು ಗಂಟೆಗೆ ತೋಟದಲ್ಲೇ ಇರಿ ಅಂತ ಹೇಳಿ ಬಂದಿದೀನಿ.