ಸ್ಪಷ್ಟನೆ: ಫ್ರೀಜರ್‌ನಲ್ಲಿ ಕರಗಿದ್ದು ಮತ್ತೆ ಗಟ್ಟಿಯಾದರೆ ಕ್ರಿಮಿ ಸಾಯುತ್ತವೆಯೇ?

‘ಕರೆಂಟ್ ಹೋಗಿ ಫ್ರೀಜರ್‌ನಲ್ಲಿದ್ದದ್ದು ಕರಗಿದರೂ ಚಿಂತೆಯಿಲ್ಲ, ಮತ್ತೆ ಗಟ್ಟಿಯಾದಾಗ ಕ್ರಿಮಿಗಳೆಲ್ಲ ಸಾಯುತ್ತವೆ’ ಎಂಬ ಸಂದೇಶ ಕೋಲಾರ, ಚಿಕ್ಕಬಳ್ಳಾಪುರದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ.

ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆ, ಅಷ್ಟೇ. ಬಹುಪಾಲು ಸಾಯುವುದಿಲ್ಲ. ಕರಗಿ ಬೆಚ್ಚಗಾದ ಕೂಡಲೇ ಮತ್ತೆ ಹೆಚ್ಚುತ್ತವೆ. ಕೆಲವು ಬಿಡುವ ವಿಷ ಚೆನ್ನಾಗಿ ಕುದಿಸಿದರೂ ಹೋಗದು.

ಪೊಟ್ಟಣ ಒತ್ತಿ ನೋಡಿ. ಒಳಗೆ ಇನ್ನೂ ಐಸ್ ಹರಳು ಕೈಗೆ ಸಿಕ್ಕರೆ ಮತ್ತೆ ಫ್ರೀಜ್ ಮಾಡಬಹುದು; ರುಚಿ, ಹದ ಸ್ವಲ್ಪ ಕೆಡುತ್ತದೆ. ಪೂರ್ತಿ ಕರಗಿ, ತಣ್ಣಗಿಲ್ಲದೆ 2 ಗಂಟೆ ದಾಟಿದ ಮಾಂಸ, ಮೀನು, ಬೇಯಿಸಿದ ಸಾರನ್ನು ಎಸೆಯಿರಿ. ವಾಸನೆ ನೋಡಿ ತೀರ್ಮಾನಿಸಬೇಡಿ, ಕೆಟ್ಟದ್ದೆಲ್ಲ ನಾರುವುದಿಲ್ಲ.

ಬಾಗಿಲು ತೆಗೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪು ಹಿಡಿದಿಡುತ್ತದೆ. ಸಿಂಗಲ್ ಡೋರ್ ಫ್ರಿಜ್ಜಿನೊಳಗಿನ ಪುಟ್ಟ ಐಸ್ ಬಾಕ್ಸಿಗೆ ಈ ಲೆಕ್ಕ ಹಾಕಬೇಡಿ. ಖಾಲಿ ಜಾಗಕ್ಕೆ ನೀರಿನ ಬಾಟಲಿ ಇಡಿ, ಮುಕ್ಕಾಲು ಮಾತ್ರ ತುಂಬಿ. ನೀರು ಗಟ್ಟಿಯಾದಾಗ ಹಿಗ್ಗುತ್ತದೆ.

ಊರಿಗೆ ಹೋಗುವ ಮುಂಚೆ ಒಂದು ಲೋಟ ನೀರು ಗಟ್ಟಿಯಾಗಿಸಿ ಮೇಲೆ ನಾಣ್ಯ ಇಡಿ. ಬಂದಾಗ ನಾಣ್ಯ ತಳದಲ್ಲಿದ್ದರೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ.

ಹಿತಕಿದ ಅವರೆಬೇಳೆ ಕೂಡಿಡುವವರು ಕುದಿಯುವ ನೀರಲ್ಲಿ 2 ನಿಮಿಷ ಬಿಟ್ಟು, ತಣ್ಣೀರಿಗೆ ಹಾಕಿ, ನೀರು ಬಸಿದು, ಕಾಲು ಕೆಜಿಯಂತೆ ಚಪ್ಪಟೆ ಪೊಟ್ಟಣ ಕಟ್ಟಿ. ಬೇಗ ಗಟ್ಟಿಯಾಗುತ್ತದೆ, ಬೇಕಾದಷ್ಟನ್ನೇ ಹೊರತೆಗೆಯಬಹುದು.