ಶಿಫ್ಟ್ ಒತ್ತಿದರೆ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ ನಾನು ಮ್ಯಾಕ್ರೋ (ಕೀಲಿ ಒತ್ತಿದಾಗ ಆಟ ಏನು ಮಾಡಬೇಕೆಂದು ಹೇಳುವ ಪುಟ್ಟ ಆದೇಶ) ಬರೆಯತೊಡಗುವವರೆಗೆ ನನ್ನ ಎಡಗೈಯ ಕಿರುಬೆರಳಿಗೆ ಹೇಳಿಕೊಳ್ಳುವಂಥ ಉದ್ಯೋಗವೇ ಇರಲಿಲ್ಲ. ಜೊತೆಗಾರರ ಗಾಯ ಮಾಯಿಸುವ ನನ್ನ ಪ್ರೀಸ್ಟ್ ಪಾತ್ರಕ್ಕೆ ಮಂತ್ರಗಳು ಬೇಕಾದಷ್ಟು, ಕೈಗೆ ಎಟುಕುವ ಕೀಲಿಗಳು ಮಾತ್ರ ಹತ್ತೋ ಹನ್ನೆರಡೋ; ಆದ್ದರಿಂದ ಒಂದೇ ಕೀಲಿಗೆ ಮೂರು ಕೆಲಸ ಹಚ್ಚಿ, ಯಾವುದನ್ನು ಮಾಡಬೇಕೆಂಬ ಸೂಚನೆಯನ್ನು ಶಿಫ್ಟ್, ಕಂಟ್ರೋಲ್‌ಗಳ ಮೂಲಕ ಕಿರುಬೆರಳು ಕೊಡಬೇಕಾಯಿತು.

ಈ ಬರವಣಿಗೆಯ ವ್ಯಾಕರಣವೆಲ್ಲ ನಮ್ಮ ‘ಒತ್ತಿದರೆ’, ‘ಇದ್ದರೆ’ಗಳ ಕೊನೆಯ ‘ರೆ’ಯಲ್ಲಿದೆ. ಚೌಕ ಕಂಸದೊಳಗೆ ಷರತ್ತು; ಅಲ್ಲಿ ಅಲ್ಪವಿರಾಮವೆಂದರೆ ‘ಮತ್ತು’, ಹೊರಗೆ ಅರ್ಧವಿರಾಮವೆಂದರೆ ‘ಇಲ್ಲವಾದರೆ’. ಶಿಫ್ಟ್ ಒತ್ತಿದ್ದರೆ ಫ್ಲ್ಯಾಶ್ ಹೀಲ್ ಎಂಬ ಚಿಕಿತ್ಸೆಯ ಮಂತ್ರ ನನಗೇ ಬೀಳಲಿ. ಇಲ್ಲವಾದರೆ ಮೌಸ್ ಬಾಣದ ಅಡಿಯಲ್ಲಿರುವವನು ನಮ್ಮವನಾಗಿದ್ದು, ಸತ್ತಿರದಿದ್ದರೆ, ಅವನಿಗೆ. ಅದೂ ಇಲ್ಲವೆಂದರೆ ಗುರಿಯಾಗಿ ಹಿಡಿದವನಿಗೆ. ಸತ್ತಿರಬಾರದೆಂಬುದನ್ನೂ ಬರೆದೇ ಹೇಳಬೇಕು, ಇಲ್ಲದಿದ್ದರೆ ಮ್ಯಾಕ್ರೋ ಹೆಣಕ್ಕೂ ಶ್ರದ್ಧೆಯಿಂದ ಚಿಕಿತ್ಸೆಗೆ ನಿಲ್ಲುತ್ತದೆ. ಆಟವು ಷರತ್ತುಗಳನ್ನು ಎಡದಿಂದ ಓದಿ, ಮೊದಲು ನಿಜವಾದದ್ದಕ್ಕೇ ಮಣೆ ಹಾಕುತ್ತದೆ. ಏನನ್ನೂ ಬರೆಯದ ಖಾಲಿ ಕಂಸವಂತೂ ಯಾವಾಗಲೂ ನಿಜ. ಅದನ್ನು ಒಮ್ಮೆ ಸಾಲಿನ ಮೊದಲಿಗೇ ಕೂರಿಸಿದ್ದೆ. ಹಿಂದೆ ನಿಂತವರಿಗೆ ಸರದಿಯೇ ಬರಲಿಲ್ಲ, ನಾನೋ ಇಡೀ ಸಂಜೆ ನನ್ನ ಬೆರಳನ್ನೇ ಬೈದೆ.

ಒಂದು ಮ್ಯಾಕ್ರೋಗೆ ಖಾಲಿ ಜಾಗವೂ ಸೇರಿ 255 ಅಕ್ಷರಗಳಷ್ಟೇ. ಶಿಫ್ಟ್, ಕಂಟ್ರೋಲ್‌ಗಳನ್ನು ಸೂಚಿಸುವ ಮಾಡಿಫೈಯರ್ ಎಂಬ ಇಂಗ್ಲಿಷ್ ಪದವನ್ನು ಮಾಡ್ ಎಂದು ಮೊಟಕುಗೊಳಿಸಿ ಐದು ಅಕ್ಷರ ಉಳಿಸಿದಾಗ ಆಗುವ ಸಂತೋಷ ಜಿಪುಣನಿಗೇ ಅರ್ಥವಾದೀತು. ಆದರೆ ಎಷ್ಟೇ ಉಳಿಸಿದರೂ, ಯಾರ ಪ್ರಾಣ ಎಷ್ಟು ಉಳಿದಿದೆಯೆಂದು ನೋಡಿ ಮಂತ್ರವನ್ನು ಆರಿಸು ಎಂದು ಬರೆಯಲಾಗದು. 2006ರ ಡಿಸೆಂಬರ್‌ನಲ್ಲಿ ಬಂದ 2.0 ಪರಿಷ್ಕರಣೆಗೆ ಮುನ್ನ ಸ್ಕ್ರಿಪ್ಟುಗಳು ಅಂಥ ತೀರ್ಮಾನವನ್ನೂ ಮಾಡುತ್ತಿದ್ದವು. ಆಮೇಲೆ ಆ ಬಾಗಿಲು ಮುಚ್ಚಿತು. ಮುಚ್ಚಿದ್ದು ಸರಿಯೆಂದೇ ನನ್ನ ಅನಿಸಿಕೆ. ಗಾಯಾಳುವನ್ನು ಹುಡುಕುವ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಿದರೆ ಒಂದೇ ಕೀಲಿಯನ್ನು ಕುಟ್ಟುತ್ತಾ ಕೂರುವುದಕ್ಕೆ ನಾನೇಕೆ ಬೇಕು?

ತಪ್ಪಿಲ್ಲದ ಮ್ಯಾಕ್ರೋವನ್ನು 2ರ ಕೀಲಿಗೆ ಇಟ್ಟು ಕಾಳಗಕ್ಕಿಳಿದಾಗ ಹೊಸದೊಂದು ಪೇಚು ಎದುರಾಯಿತು. ಪ್ರಾಣ ಕುಸಿಯುತ್ತಿತ್ತು, ಶಿಫ್ಟ್ ಹಿಡಿದು 2 ಒತ್ತಿದೆ, ಚಿಕಿತ್ಸೆಯ ಬದಲು ಪರದೆಯ ಕೆಳಗಿನ ಮಂತ್ರಗಳ ಸಾಲೇ ಮಾಯವಾಗಿ ಖಾಲಿ ಚೌಕಗಳು ಕಾಣಿಸಿದವು. ಆ ಜೋಡಿಕೀಲಿಯನ್ನು ಆಟವು ಮೊದಲೇ ಸಾಲಿನ ಪುಟ ತಿರುಗಿಸಲು ಕಾದಿರಿಸಿತ್ತು; ಒತ್ತಿದ ಸುದ್ದಿ ನನ್ನ ಮ್ಯಾಕ್ರೋವರೆಗೆ ತಲುಪಲೇ ಇಲ್ಲ. ನೆಲಕ್ಕೆ ಬಿದ್ದ ಮೇಲೆ ಪುರುಸೊತ್ತಾಗಿ ಕೀಲಿಗಳ ಪಟ್ಟಿಯನ್ನು ತೆರೆದು, ಆ ಜೋಡಿಯ ಕಟ್ಟನ್ನು ಬಿಡಿಸಿದೆ.